ಐಸ್ ಹಾಕಿ ಗೇಮ್‌ನಲ್ಲಿ ಯಾವ ಕ್ಲಾಸ್ ಆರಿಸಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಬರೆದಿರುವುದೆಲ್ಲ ಇಎ ಸ್ಪೋರ್ಟ್ಸ್‌ನ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನ ಹೆಸರು) ಗೇಮ್ ಬಗ್ಗೆ, ಅದರಲ್ಲೂ ಇಎಎಸ್‌ಎಚ್‌ಎಲ್ ಅನ್ನೋ ಆನ್‌ಲೈನ್ ಆಟದ ಬಗ್ಗೆ. ಹಾಕಿ ಅಂದ ತಕ್ಷಣ ಹುಲ್ಲಿನ ಮೈದಾನ ನೆನಪಾದರೆ ಅದನ್ನು ಪಕ್ಕಕ್ಕಿಡಿ. ಇದು ಮಂಜುಗಡ್ಡೆಯ ಮೇಲಿನ ಹಾಕಿ. ಚೆಂಡಿನ ಬದಲು ಪಕ್ ಅನ್ನೋ ಚಪ್ಪಟೆ ರಬ್ಬರ್ ಬಿಲ್ಲೆ, ಕಾಲಲ್ಲಿ ಸ್ಕೇಟ್. ಈ ಆಟದಲ್ಲಿ ಇಡೀ ತಂಡ ನಿಮ್ಮ ಕೈಯಲ್ಲಿ ಇರುವುದಿಲ್ಲ. ನೀವು ಒಬ್ಬನೇ ಆಟಗಾರ. ಉಳಿದ ಐದು ಜಾಗಗಳಲ್ಲಿ ಬೇರೆ ಮನುಷ್ಯರು ಇರುತ್ತಾರೆ. ಹಾಗಾಗಿ ನೀವು ಆರಿಸಿದ ಕ್ಲಾಸ್ ಚೆನ್ನಾಗಿ ಹೊಂದಿದರೂ ಹೊಂದದಿದ್ದರೂ ಅದರ ಪರಿಣಾಮ ಆ ಐದು ಜನರಿಗೂ ತಟ್ಟುತ್ತದೆ. ನಾನು ಇದನ್ನು ವರ್ಷಗಟ್ಟಲೆ ಆಡಿದ್ದೇನೆ, ಹೊಸಬರಿಗೆ ಇದೇ ಪ್ರಶ್ನೆಗಳಿಗೆ ಮತ್ತೆ ಮತ್ತೆ ಉತ್ತರ ಹೇಳಿದ್ದೇನೆ. ಅದನ್ನೆಲ್ಲ ಒಂದು ಕಡೆ ಸೇರಿಸಿ ಬರೆದಿದ್ದೇನೆ.

ಕ್ಲಾಸ್ ಅಂದರೆ ನಿಜಕ್ಕೂ ಏನು? ಬರೀ ಹೆಸರಾ?

ಬರೀ ಹೆಸರಲ್ಲ. ವೇಗ, ತಿರುಗುವ ಚುರುಕು, ಶಾಟ್‌ನ ಗುರಿ, ಶಾಟ್‌ನ ಜೋರು, ಪಾಸ್, ಮೈಬಲ, ಸ್ಟಿಕ್‌ನಿಂದ ಪಕ್ ಕಸಿಯುವ ಶಕ್ತಿ, ಫೇಸ್‌ಆಫ್ (ಆಟ ಶುರು ಮಾಡಲು ಇಬ್ಬರ ನಡುವೆ ಹಾಕುವ ಪಕ್ ಗೆಲ್ಲುವುದು) ಹೀಗೆ ಆಟಗಾರನ ಒಂದೊಂದು ಗುಣಕ್ಕೂ ಗೇಮ್‌ನಲ್ಲಿ ಒಂದೊಂದು ಅಂಕಿ ಇರುತ್ತದೆ. ಕ್ಲಾಸ್ ಅಂದರೆ ಆ ಅಂಕಿಗಳ ಒಂದು ಕಟ್ಟು. ಒಂದು ಕಡೆ ಜಾಸ್ತಿ ಸಿಕ್ಕಿದರೆ ಇನ್ನೊಂದು ಕಡೆ ಕಡಿಮೆ ಆಗಿಯೇ ಇರುತ್ತದೆ. ಎಲ್ಲದರಲ್ಲೂ ಮುಂದಿರುವ ಕ್ಲಾಸ್ ಅಂತ ಯಾವುದೂ ಇಲ್ಲ.

ಸ್ವಲ್ಪ ಹಿಂದಿನ ಕಥೆ ಗೊತ್ತಿದ್ದರೆ ಒಳ್ಳೆಯದು. ಇಎಎಸ್‌ಎಚ್‌ಎಲ್ ಶುರುವಾಗಿದ್ದು 2008ರಲ್ಲಿ ಬಂದ ಎನ್‌ಎಚ್‌ಎಲ್ 09ರಲ್ಲಿ. ಆಗ ಆಡಿದಷ್ಟೂ ನಿಮ್ಮ ಆಟಗಾರನ ಅಂಕಿಗಳು ಏರುತ್ತಿದ್ದವು. ತಿಂಗಳುಗಟ್ಟಲೆ ಆಡಿದವನ ಎದುರು ನಿನ್ನೆ ಬಂದವನು ನಿಲ್ಲುವುದೇ ಕಷ್ಟ, ಕೈಚಳಕ ಎಷ್ಟೇ ಇರಲಿ. 2015ರಲ್ಲಿ ಬಂದ ಎನ್‌ಎಚ್‌ಎಲ್ 16 ಇದನ್ನು ತಲೆಕೆಳಗು ಮಾಡಿತು. ಒಂದೇ ಕ್ಲಾಸ್ ಆರಿಸಿದ ಇಬ್ಬರಿಗೂ ಒಂದೇ ಅಂಕಿ, ಅಷ್ಟೇ. ಆಮೇಲೆ ಎನ್‌ಎಚ್‌ಎಲ್ 19ರಲ್ಲಿ ವರ್ಲ್ಡ್ ಆಫ್ ಚೆಲ್ ಅನ್ನೋ ಆನ್‌ಲೈನ್ ವಿಭಾಗ ಬಂತು, ಎತ್ತರ, ತೂಕ, ಸಣ್ಣಪುಟ್ಟ ಹೆಚ್ಚುವರಿ ಗುಣಗಳನ್ನು ನಾವೇ ಹೊಂದಿಸುವ ಹಾಗಾಯಿತು. ಎನ್‌ಎಚ್‌ಎಲ್ 22ರಲ್ಲಿ ಎಕ್ಸ್-ಫ್ಯಾಕ್ಟರ್ ಅನ್ನೋ ವಿಶೇಷ ಶಕ್ತಿಗಳು ಸೇರಿಕೊಂಡವು. ಈ ಎಲ್ಲದರ ಅಡಿಪಾಯ ಮಾತ್ರ ಇವತ್ತಿಗೂ ಕ್ಲಾಸ್.

ನಾನು ಪೂರ್ತಿ ಹೊಸಬ. ಒಂದೇ ಮಾತಲ್ಲಿ ಹೇಳಿ, ಯಾವುದು?

ಟೂ-ವೇ ಫಾರ್ವರ್ಡ್, ಅಂದರೆ ದಾಳಿ, ತಡೆ ಎರಡನ್ನೂ ಮಾಡುವವನು. ಜಾಗ ವಿಂಗ್, ಅಂದರೆ ಮುಂದೆ ಆಡುವ ಮೂವರು ಫಾರ್ವರ್ಡ್‌ಗಳಲ್ಲಿ ಎಡ ಅಥವಾ ಬಲ ಬದಿ. ಮಧ್ಯದವನು ಸೆಂಟರ್.

ಕಾರಣ ಹೇಳುತ್ತೇನೆ, ಯಾಕೆಂದರೆ ಮುಂದಿನ ಎಲ್ಲಾ ಉತ್ತರಗಳೂ ಇದರ ಮೇಲೆಯೇ ನಿಂತಿವೆ. ಗೋಲಿಗಳನ್ನು, ಅಂದರೆ ಗೋಲ್ ಕಾಯುವವರನ್ನು, ಬಿಟ್ಟರೆ ಮಂಜಿನ ಮೇಲೆ ಹತ್ತು ಸ್ಕೇಟರ್‌ಗಳು, ಇರುವುದು ಒಂದು ಪಕ್. ಎಲ್ಲರಿಗೂ ಸಮನಾಗಿ ಹಂಚಿದರೂ ನಿಮ್ಮ ಸ್ಟಿಕ್‌ಗೆ ಬರುವುದು ಹತ್ತರಲ್ಲಿ ಒಂದು ಪಾಲು ಸಮಯ. ಉಳಿದ ಒಂಬತ್ತು ಪಾಲು ನೀವು ಪಕ್ ಇಲ್ಲದೆ ಓಡಾಡುತ್ತಿರುತ್ತೀರಿ. ಆದರೆ ಕ್ಲಾಸ್ ಆರಿಸುವಾಗ ಎಲ್ಲರ ಕಣ್ಣ ಮುಂದೆ ಬರುವುದು ಆ ಒಂದು ಪಾಲು ಮಾತ್ರ. ಗೋಲ್ ಹೊಡೆಯುವ ಕ್ಷಣ, ಎದುರಾಳಿಯನ್ನು ದಾಟಿ ಹೋಗುವ ಕ್ಷಣ. ಅದನ್ನು ನೋಡಿಕೊಂಡು ಆರಿಸಿದರೆ ಉಳಿದ ಒಂಬತ್ತು ಪಾಲು ಸಮಯ ನಿಮ್ಮ ಆಟಗಾರ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: "ಪಕ್ ನನ್ನ ಹತ್ತಿರ ಇಲ್ಲದಾಗ ನಾನು ಏನು ಮಾಡ್ತೀನಿ?" ಅಂತ ಕೇಳಿಕೊಳ್ಳಿ. ಖಾಲಿ ಜಾಗ ಹುಡುಕುತ್ತೀರಾ, ಎದುರಾಳಿಯ ಮೈಮೇಲೆ ಬೀಳುತ್ತೀರಾ, ಗೋಲ್ ಮುಂದೆ ಹೋಗಿ ನಿಲ್ಲುತ್ತೀರಾ, ಇಲ್ಲಾ ನಮ್ಮ ಕಡೆ ಅಪಾಯ ಕಂಡ ತಕ್ಷಣ ಹಿಂದಕ್ಕೆ ಓಡುತ್ತೀರಾ? ನಿಮ್ಮ ಉತ್ತರ ಯಾವುದೋ ಅದರಲ್ಲೇ ನಿಮ್ಮ ಕ್ಲಾಸ್ ಇದೆ. ಹೊಸಬರಿಗೆ ಇದರ ಉತ್ತರ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಟೂ-ವೇ ಫಾರ್ವರ್ಡ್‌ಗೆ ಎಲ್ಲವೂ ಸಾಕಷ್ಟು ಇರುತ್ತದೆ, ಏನೂ ತೀರಾ ಕಮ್ಮಿ ಇರುವುದಿಲ್ಲ, ಹಾಗಾಗಿ ಆಡುತ್ತಾ ಆಡುತ್ತಾ ನಿಮ್ಮ ಉತ್ತರ ನಿಮಗೇ ಸಿಗುತ್ತದೆ.

ಇದು ಕಮ್ಮಿ ದರ್ಜೆಯ ಕ್ಲಾಸ್ ಅಂತ ಮಾತ್ರ ಅಂದುಕೊಳ್ಳಬೇಡಿ. ನಿಜವಾದ ಎನ್‌ಎಚ್‌ಎಲ್‌ನಲ್ಲಿ ತಡೆಯುವ ಆಟದಲ್ಲೂ ಮೇಲುಗೈ ಸಾಧಿಸುವ ಫಾರ್ವರ್ಡ್‌ಗೆ ಅಂತಲೇ ಸೆಲ್ಕೆ ಟ್ರೋಫಿ ಇದೆ. ಅದನ್ನು 1978ರಲ್ಲಿ ಮೊದಲು ಗೆದ್ದ ಬಾಬ್ ಗೇಯ್ನಿ ಸತತ ನಾಲ್ಕು ಸಲ ಗೆದ್ದರು. ಪ್ಯಾಟ್ರಿಸ್ ಬರ್ಜೆರಾನ್ ಆರು ಸಲ. ಇಂಥವರು ಇದ್ದ ತಂಡಗಳು ಎದುರಾಳಿಗೆ ತಲೆನೋವಾಗಿದ್ದವು.

ಎಲ್ಲರೂ ಸ್ನೈಪರ್ ತೆಗೆದುಕೊಳ್ಳುತ್ತಾರೆ. ನಾನೂ ತೆಗೆದುಕೊಳ್ಳಲಾ?

ಎಲ್ಲರೂ ತೆಗೆದುಕೊಳ್ಳುತ್ತಾರೆ ಅನ್ನುವುದೇ ತೊಂದರೆ. ಡ್ರಾಪ್-ಇನ್ ಪಂದ್ಯದಲ್ಲಿ, ಅಂದರೆ ಗುರುತಿಲ್ಲದವರ ಜೊತೆ ಹಾಗೇ ಹೋಗಿ ಆಡುವ ಪಂದ್ಯದಲ್ಲಿ, ಮೂವರು ಫಾರ್ವರ್ಡ್‌ಗಳೂ ಸ್ನೈಪರ್ ಆಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೂವರೂ ಒಳ್ಳೆಯ ಜಾಗದಲ್ಲಿ ನಿಂತು ಪಾಸ್‌ಗೆ ಕಾಯುತ್ತಾರೆ. ಪಾಸ್ ಕೊಡುವವರು ಯಾರು?

ಸ್ನೈಪರ್‌ನ ಬಲ ಶಾಟ್‌ನಲ್ಲಿದೆ. ಗೋಲ್ ಬಾಯಿ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಅದರ ಮುಂದೆ ಇಡೀ ಮೈಗೆ ಪ್ಯಾಡ್ ಕಟ್ಟಿಕೊಂಡ ಗೋಲಿ. ಉಳಿಯುವುದು ಅಂಗೈ ಅಗಲದ ಸಂದುಗಳು ಮಾತ್ರ. ಆ ಸಂದಿಗೆ ಬೇರೆ ಕ್ಲಾಸ್‌ಗಿಂತ ಜಾಸ್ತಿ ಸಲ ಹೊಡೆಯಬಲ್ಲವನು ಸ್ನೈಪರ್. ಆದರೆ ಮೈಬಲ ಕಮ್ಮಿ, ಎದುರಾಳಿ ಭುಜ ತಾಗಿಸಿದರೆ ಪಕ್ ಕೈತಪ್ಪುತ್ತದೆ. ಪಕ್ ಕಸಿಯುವುದರಲ್ಲೂ ಹಿಂದೆ.

ಹಾಗಾದರೆ ಯಾರು ತೆಗೆದುಕೊಳ್ಳಬೇಕು? ಪಕ್ ಇಲ್ಲದಾಗ ಸುಮ್ನೆ ನಿಲ್ಲದವರು. ಡಿಫೆನ್ಸ್‌ನವನ ಬೆನ್ನ ಹಿಂದೆ ಜಾರಿಕೊಂಡು, ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾ, ಪಾಸ್ ಬರುವ ದಾರಿಯನ್ನು ತಾವೇ ತೆರೆಯುವವರು. ಅಲೆಕ್ಸ್ ಒವೆಚ್ಕಿನ್ ಗೊತ್ತಲ್ವಾ? 2025ರ ಏಪ್ರಿಲ್ 6ರಂದು ವೇಯ್ನ್ ಗ್ರೆಟ್ಜ್‌ಕಿಯ 894 ಗೋಲ್‌ಗಳ ದಾಖಲೆ ಮುರಿದವರು. ಅವರ ಎಷ್ಟೋ ಗೋಲ್‌ಗಳು ಎಡಗಡೆಯ ಫೇಸ್‌ಆಫ್ ವೃತ್ತದ ಹತ್ತಿರದ ಅದೇ ಜಾಗದಿಂದ ಬಂದಿವೆ. ಅಲ್ಲಿಂದಲೇ ಹೊಡೆಯುತ್ತಾರೆ ಅಂತ ಇಡೀ ಲೀಗ್‌ಗೆ ಗೊತ್ತಿತ್ತು, ಆದರೂ ತಡೆಯಲು ಆಗುತ್ತಿರಲಿಲ್ಲ. ಅವರ ಪಂದ್ಯ ನೋಡುವಾಗ ಪಕ್ ಬಿಟ್ಟು ಅವರನ್ನೇ ನೋಡಿ, ಪಾಸ್ ಬರುವ ಮುಂಚಿನ ಎರಡು ಸೆಕೆಂಡ್ ಅವರು ಏನು ಮಾಡುತ್ತಾರೆ ಅಂತ. ಸ್ನೈಪರ್ ಆಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಎಡಗೈ, ಬಲಗೈ ಅಂತ ಕೇಳುತ್ತೆ. ಅದರಲ್ಲಿ ಏನಿದೆ ಅಂಥದ್ದು?

ತುಂಬಾ ಇದೆ. ಕ್ಲಾಸ್ ತಪ್ಪು ಆರಿಸಿದರೂ ಹೇಗೋ ಆಡಬಹುದು, ಆದರೆ ಕೈ ತಪ್ಪು ಆರಿಸಿದವರು ಕೆಲವೊಮ್ಮೆ ತಿಂಗಳುಗಟ್ಟಲೆ "ನನ್ನ ಶಾಟ್ ಯಾಕೆ ಹೋಗಲ್ಲ" ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಬಲಗೈ ಆಟಗಾರನ ಸ್ಟಿಕ್‌ನ ಬ್ಲೇಡ್ ಅವನ ಮೈಯ ಬಲಗಡೆ ಇರುತ್ತದೆ. ಅವನನ್ನು ಎಡ ವಿಂಗ್‌ನಲ್ಲಿ ನಿಲ್ಲಿಸಿದರೆ ಬ್ಲೇಡ್ ರಿಂಕ್‌ನ (ಮಂಜುಗಡ್ಡೆಯ ಅಂಗಳದ) ಮಧ್ಯದ ಕಡೆ ಬರುತ್ತದೆ. ಆ ಕಡೆಯಿಂದ ಪಾಸ್ ಬಂದರೆ ಅದನ್ನು ನಿಲ್ಲಿಸದೆ ಹಾಗೇ ಗೋಲ್‌ಗೆ ಹೊಡೆಯಬಹುದು, ಇದಕ್ಕೇ ವನ್-ಟೈಮರ್ ಅನ್ನುವುದು. ಅತ್ತಿಂದ ಇತ್ತ ಸರಿಯುತ್ತಿರುವ ಗೋಲಿಗೆ ಇದನ್ನು ಹಿಡಿಯುವುದು ಬಹಳ ಕಷ್ಟ. ಒವೆಚ್ಕಿನ್ ಬಲಗೈ, ನಿಲ್ಲುವುದು ಎಡಗಡೆ. ಈಗ ಲೆಕ್ಕ ಸರಿಹೋಯಿತಲ್ಲ.

ಆದರೆ ಇದಕ್ಕೂ ಬೆಲೆ ಕೊಡಬೇಕು. ಅದೇ ಬಲಗೈಯವನಿಗೆ ಎಡ ಬೋರ್ಡ್ (ರಿಂಕ್ ಸುತ್ತಲಿನ ಗೋಡೆ) ಪಕ್ಕದಲ್ಲಿ ನಮ್ಮ ಡಿಫೆನ್ಸ್‌ನಿಂದ ಪಾಸ್ ಬಂದರೆ ಅದನ್ನು ಬ್ಯಾಕ್‌ಹ್ಯಾಂಡ್‌ನಲ್ಲಿ, ಅಂದರೆ ಬ್ಲೇಡ್‌ನ ಹಿಂಬದಿಯಲ್ಲಿ, ಹಿಡಿಯಬೇಕಾಗುತ್ತದೆ, ಪಕ್ ಜಾರುವುದು ಜಾಸ್ತಿ. ಅದಕ್ಕೇ ನನ್ನ ಅಭಿಪ್ರಾಯ ಹೀಗಿದೆ. ನೀವು ಹೊಡೆಯುವವರಾದರೆ ಕೈಗೆ ವಿರುದ್ಧದ ವಿಂಗ್ ತೆಗೆದುಕೊಳ್ಳಿ. ಪಾಸ್ ಕೊಡುವವರು, ಬೋರ್ಡ್ ಪಕ್ಕ ಗುದ್ದಾಡುವವರು, ಡಿಫೆನ್ಸ್‌ನವರು ಆದರೆ ಕೈ ಯಾವುದೋ ಅದೇ ಬದಿ, ಎಡಗೈಗೆ ಎಡಬದಿ. ಡಿಫೆನ್ಸ್‌ನಲ್ಲಂತೂ ಬೋರ್ಡ್ ಪಕ್ಕ ಓಡಿ ಬರುವ ಪಕ್ ಅನ್ನು ಬ್ಲೂ ಲೈನ್ (ಎದುರಾಳಿಯ ವಲಯದ ಗಡಿ ಗೆರೆ) ದಾಟದಂತೆ ಹಿಡಿಯಲು ಬ್ಲೇಡ್ ಆ ಕಡೆಗೇ ಇರಬೇಕು.

ಪ್ಲೇಮೇಕರ್ ಮತ್ತು ಡ್ಯಾಂಗ್ಲರ್ ನಡುವೆ ವ್ಯತ್ಯಾಸ ಏನು? ಇಬ್ಬರೂ ಪಕ್ ಚೆನ್ನಾಗಿ ಆಡಿಸುತ್ತಾರಲ್ವಾ?

ಆಡಿಸುತ್ತಾರೆ, ಉದ್ದೇಶ ಬೇರೆ. ಡ್ಯಾಂಗ್ಲರ್ ಪಕ್ ಇಟ್ಟುಕೊಂಡು ಎದುರಾಳಿಯನ್ನು ದಾಟುತ್ತಾನೆ. ಪ್ಲೇಮೇಕರ್ ಎದುರಾಳಿಯನ್ನು ತನ್ನ ಕಡೆ ಎಳೆದುಕೊಂಡು ಪಕ್ ಇನ್ನೊಬ್ಬನಿಗೆ ಕೊಡುತ್ತಾನೆ.

ಡ್ಯಾಂಗ್ಲರ್ ಹಗುರ, ಚುರುಕು, ಕಂಟ್ರೋಲರ್‌ನ ಬಲ ಸ್ಟಿಕ್‌ನಲ್ಲಿ ಬೆರಳಿನ ಕೆಲಸ ಚೆನ್ನಾಗಿ ಬರುವವರಿಗೆ ಸರಿಯಾದದ್ದು. ಬೆರಳು ಇನ್ನೂ ಪಳಗಿಲ್ಲದಿದ್ದರೆ ಈ ಕ್ಲಾಸ್ ನಿಮಗೆ ಏನೂ ಕೊಡುವುದಿಲ್ಲ, ಯಾಕೆಂದರೆ ಒಂದು ಬಾಡಿ ಚೆಕ್ (ಮೈಯಿಂದ ಗುದ್ದು) ತಗುಲಿದರೆ ಬಿದ್ದು ಹೋಗುತ್ತಾನೆ. ನಾಲ್ಕು ಜನ ಜೊತೆಗಾರರು ಖಾಲಿ ನಿಂತಿರುವಾಗ ಒಬ್ಬನೇ ಮೂವರನ್ನು ದಾಟಲು ಹೋಗಿ ಪಕ್ ಕಳೆದುಕೊಳ್ಳುವುದು ಈ ಕ್ಲಾಸ್‌ನವರ ದೊಡ್ಡ ಚಾಳಿ. ದಯವಿಟ್ಟು ಹಾಗೆ ಮಾಡಬೇಡಿ.

ಪ್ಲೇಮೇಕರ್ ನನಗೆ ತುಂಬಾ ಇಷ್ಟದ ಕ್ಲಾಸ್. ಪಾಸ್ ನೇರವಾಗಿ ಹೋಗುತ್ತದೆ, ಕಷ್ಟದ ಕೋನದಿಂದಲೂ ಹೋಗುತ್ತದೆ. ಗ್ರೆಟ್ಜ್‌ಕಿ ಗೋಲ್‌ನ ಹಿಂದೆ ಪಕ್ ಹಿಡಿದು ನಿಲ್ಲುತ್ತಿದ್ದರು. ಡಿಫೆನ್ಸ್‌ನವರು ಅವರ ಕಡೆ ನೋಡಬೇಕು, ಅವರ ಕಡೆ ನೋಡಿದರೆ ಗೋಲ್ ಮುಂದೆ ಬಂದವನು ಕಾಣುವುದಿಲ್ಲ. ಅವರ ಅಸಿಸ್ಟ್‌ಗಳು, ಅಂದರೆ ಗೋಲ್‌ಗೆ ದಾರಿ ಮಾಡಿದ ಪಾಸ್‌ಗಳು, ಒಟ್ಟು 1963. ಬೇರೆ ಯಾವ ಆಟಗಾರನ ಗೋಲ್ ಮತ್ತು ಅಸಿಸ್ಟ್ ಎರಡನ್ನೂ ಕೂಡಿಸಿದರೂ ಆ ಒಂದು ಅಂಕಿ ಮುಟ್ಟುವುದಿಲ್ಲ. ಗೇಮ್‌ನಲ್ಲೂ ಗೋಲ್ ಹಿಂದಿನ ಆ ಜಾಗ ಕೆಲಸ ಮಾಡುತ್ತದೆ, ಆದರೆ ನೀವು ಅಲ್ಲಿ ನಿಂತಾಗ ಒಬ್ಬನಾದರೂ ಗೋಲ್ ಮುಂದೆ ಬರುತ್ತಾನೆ ಅನ್ನುವ ನಂಬಿಕೆ ಇರಬೇಕು. ಗುರುತಿರುವವರ ಜೊತೆ ಆಡುವಾಗ ಪ್ಲೇಮೇಕರ್‌ನ ಬೆಲೆ ದುಪ್ಪಟ್ಟು. ಡ್ರಾಪ್-ಇನ್‌ನಲ್ಲಿ ಕೆಲವೊಮ್ಮೆ ನಿಮ್ಮ ಒಳ್ಳೆಯ ಪಾಸ್‌ಗಳೆಲ್ಲ ಯಾರೂ ಇಲ್ಲದ ಜಾಗಕ್ಕೆ ಹೋಗುತ್ತವೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಪವರ್ ಫಾರ್ವರ್ಡ್, ಗ್ರೈಂಡರ್, ಎನ್‌ಫೋರ್ಸರ್. ಮೂರೂ ಗುದ್ದುವವರೇ ತಾನೆ?

ಪವರ್ ಫಾರ್ವರ್ಡ್ ಗುದ್ದುತ್ತಾ ಗೋಲ್ ಕಡೆ ಹೋಗುತ್ತಾನೆ. ಗೋಲಿಯ ಮುಂದೆ ನಿಂತು ಅವನಿಗೆ ಪಕ್ ಕಾಣದ ಹಾಗೆ ಮಾಡುವುದು, ತಾಗಿ ವಾಪಸ್ ಬಂದ ಪಕ್ಕನ್ನು ಒಳಗೆ ತಳ್ಳುವುದು ಅವನ ಕೆಲಸ. ಹಾಗಂತ ಅವನಿಗೆ ಶಾಟ್ ಇಲ್ಲ ಅಂದುಕೊಳ್ಳಬೇಡಿ. ಈ ಮಾದರಿಯ ಆಟಗಾರ ಅಂದ ಕೂಡಲೇ ಹೆಸರು ಬರುವ ಕ್ಯಾಮ್ ನೀಲಿ, ಬಾಸ್ಟನ್ ಪರ 1993–94ರ ಸೀಸನ್‌ನಲ್ಲಿ 50 ಗೋಲ್ ಹೊಡೆದರು, ಅದೂ ಗಾಯದಿಂದಾಗಿ 50 ಪಂದ್ಯವನ್ನೂ ಪೂರ್ತಿ ಆಡದೆ.

ಗ್ರೈಂಡರ್ ಪಕ್ ವಾಪಸ್ ತರುವವನು. ಎದುರಾಳಿಯ ಮೂಲೆಗೆ ಮೊದಲು ಓಡುವವನು, ಅವರ ಡಿಫೆನ್ಸ್‌ಗೆ ಉಸಿರು ಬಿಡಲು ಬಿಡದವನು. ಒಬ್ಬ ಒಳ್ಳೆಯ ಗ್ರೈಂಡರ್ ಇದ್ದರೆ ಉಳಿದ ಇಬ್ಬರು ಫಾರ್ವರ್ಡ್‌ಗಳಿಗೆ ಎರಡರಷ್ಟು ಸಲ ಪಕ್ ಸಿಗುವ ಹಾಗೆ ಅನಿಸುತ್ತದೆ. ಆದರೆ ಪಂದ್ಯ ಮುಗಿದ ಮೇಲೆ ಬರುವ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಏನೂ ಇರುವುದಿಲ್ಲ. ಗೋಲ್ ಇಲ್ಲದೆಯೂ ಖುಷಿಯಾಗಿ ಆಡಬಲ್ಲೆ ಅನ್ನುವವರಿಗೆ ನಾನು ಮನಸಾರೆ ಹೇಳುವ ಕ್ಲಾಸ್ ಇದು.

ಎನ್‌ಫೋರ್ಸರ್, ಅಂದರೆ ಗುದ್ದಾಡಿ ಎದುರಾಳಿಯನ್ನು ಹೆದರಿಸುವವನು, ಬೇಡ. ನಿಜವಾದ ಹಾಕಿಯಲ್ಲಿ ಆ ಕಾಲ ಒಂದಿತ್ತು, 1974–75ರಲ್ಲಿ ಡೇವ್ ಶುಲ್ಟ್ಸ್ ಒಂದೇ ಸೀಸನ್‌ನಲ್ಲಿ 472 ನಿಮಿಷ ಪೆನಾಲ್ಟಿ ಕೂತಿದ್ದರು, ಆ ದಾಖಲೆ ಇನ್ನೂ ಹಾಗೇ ಇದೆ. ಗೇಮ್‌ನಲ್ಲಿ ಈ ಕ್ಲಾಸ್‌ಗೆ ವೇಗವೂ ಕಮ್ಮಿ, ಪಾಸೂ ಕಮ್ಮಿ. ನೀವು ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂತ ಎರಡು ನಿಮಿಷ ನಿಮ್ಮ ತಂಡ ನಾಲ್ವರಲ್ಲಿ ಆಡಬೇಕು.

ಸೆಂಟರ್‌ನಲ್ಲಿ ಯಾವ ಕ್ಲಾಸ್?

ಟೂ-ವೇ ಅಥವಾ ಪ್ಲೇಮೇಕರ್. ಫೇಸ್‌ಆಫ್ ಸೆಂಟರ್‌ನ ಜವಾಬ್ದಾರಿ, ನಮ್ಮ ಗೋಲ್ ಮುಂದಿನ ಜಾಗ ಕಾಯಲು ಹಿಂದೆ ಬರುವುದೂ ಸೆಂಟರ್‌ನ ಜವಾಬ್ದಾರಿ. ಸ್ನೈಪರ್ ಸೆಂಟರ್‌ಗಳಲ್ಲಿ ತುಂಬಾ ಜನ ಹಿಂದೆ ಬರುವುದೇ ಇಲ್ಲ, ಡಿಫೆನ್ಸ್ ಇಬ್ಬರೇ ಮೂವರನ್ನು ಎದುರಿಸುತ್ತಾ ಒದ್ದಾಡುತ್ತಾರೆ. ಹೊಸಬರು ಮೊದಲ ಕೆಲವು ವಾರ ಸೆಂಟರ್ ಬಿಟ್ಟು ವಿಂಗ್‌ನಲ್ಲಿ ಆಡಿ ಅಂತ ಹೇಳುವುದು ಇದಕ್ಕೇ.

ಡಿಫೆನ್ಸ್ ಆಡಲು ಯಾರೂ ಬರಲ್ಲ. ನಾನು ಹೋದರೆ ಯಾವುದು ಆರಿಸಲಿ?

ಹೋಗುತ್ತೀರಾ? ತುಂಬಾ ಒಳ್ಳೆಯದು. ಡ್ರಾಪ್-ಇನ್‌ನಲ್ಲಿ ಬೇಗ ಜಾಗ ಸಿಗುತ್ತದೆ, ಪಂದ್ಯದ ಹಿಡಿತವೂ ನಿಮ್ಮ ಕೈಯಲ್ಲಿರುತ್ತದೆ. ಇಡೀ ಆಟ ನಿಮ್ಮ ಕಣ್ಣ ಮುಂದೆ ನಡೆಯುವುದರಿಂದ ಹಾಕಿ ಅರ್ಥವಾಗುವುದೂ ಇಲ್ಲಿಂದಲೇ.

ಮೊದಲು ಡಿಫೆನ್ಸಿವ್ ಡಿಫೆನ್ಸ್‌ಮನ್ ತೆಗೆದುಕೊಳ್ಳಿ. ಸ್ಟಿಕ್ ಉದ್ದಕ್ಕೆ ಚಾಚಿ ಪಕ್ ತಪ್ಪಿಸುವುದು, ಶಾಟ್‌ಗೆ ಅಡ್ಡ ನಿಲ್ಲುವುದು, ಮೈಬಲ, ಮೂರೂ ಇರುತ್ತವೆ. ಪಕ್ ಸಿಕ್ಕಾಗ ಹೆಚ್ಚು ಯೋಚನೆ ಬೇಡ, ಹತ್ತಿರದವನಿಗೆ ಒಂದು ಸರಳ ಪಾಸ್ ಕೊಟ್ಟುಬಿಡಿ.

ಕಲಿಯಬೇಕಾದ ಮುಖ್ಯ ವಿದ್ಯೆ ಅಂತರ ಕಾಯುವುದು. ಎದುರಾಳಿ ಪಕ್ ಹಿಡಿದು ಬರುವಾಗ ಅವನ ಕಡೆ ನುಗ್ಗಬೇಡಿ. ಕಂಟ್ರೋಲರ್‌ನ ಎಡ ಟ್ರಿಗರ್ ಹಿಡಿದು, ಮುಖ ಅವನ ಕಡೆ ಇಟ್ಟುಕೊಂಡೇ ಹಿಂದಕ್ಕೆ ಜಾರಿ. ನಿಮ್ಮ ಸ್ಟಿಕ್ ಚಾಚಿದರೆ ಪಕ್ ಇನ್ನೇನು ಸಿಗಬೇಕು ಅನ್ನುವಷ್ಟು ಅಂತರ ಸಾಕು, ಮತ್ತು ನೀವು ಯಾವಾಗಲೂ ಅವನಿಗೂ ನಮ್ಮ ಗೋಲ್‌ಗೂ ನಡುವೆ ಇರಬೇಕು. ಅವನು ಬೋರ್ಡ್ ಕಡೆ ಹೋದರೆ ಹೋಗಲಿ ಬಿಡಿ, ಅಲ್ಲಿಂದ ಗೋಲ್ ಆಗುವುದು ಕಷ್ಟ. ಮಧ್ಯದ ದಾರಿ ಮಾತ್ರ ಕೊಡಬೇಡಿ. ಇನ್ನೊಂದು ಮಾತು, ಪೋಕ್ ಚೆಕ್ (ಸ್ಟಿಕ್‌ನಿಂದ ಪಕ್ ಚುಚ್ಚುವ) ಬಟನ್ ಒತ್ತುತ್ತಲೇ ಇರುವ ಅಭ್ಯಾಸ ಬಿಡಿ. ಬೆನ್ನ ಹಿಂದಿನಿಂದ ಚುಚ್ಚಿದರೆ ಸ್ಟಿಕ್ ಅವನ ಕಾಲಿಗೆ ತಾಗುತ್ತದೆ, ಅವನು ಬೀಳುತ್ತಾನೆ, ಟ್ರಿಪ್ಪಿಂಗ್ ಅಂತ ಎರಡು ನಿಮಿಷ ಪೆನಾಲ್ಟಿ. ನಾನು ಮೊದಲ ತಿಂಗಳಲ್ಲಿ ಸೋತ ಪಂದ್ಯಗಳಲ್ಲಿ ಎಷ್ಟೋ ಈ ಒಂದು ಬಟನ್‌ನಿಂದ ಸೋತವು.

ಇದು ಕೈಗೆ ಹತ್ತಿದ ಮೇಲೆ ಪಕ್ ಮೂವಿಂಗ್ ಡಿಫೆನ್ಸ್‌ಮನ್ ಅಥವಾ ಟೂ-ವೇ ಕಡೆ ಹೋಗಬಹುದು. ನಮ್ಮ ಗೋಲ್ ಹತ್ತಿರದಿಂದ ಹೊರಡುವ ಮೊದಲ ಪಾಸ್ ಚೆನ್ನಾಗಿದ್ದರೆ ಅರ್ಧ ದಾಳಿ ಅಲ್ಲೇ ಮುಗಿದ ಹಾಗೆ.

ಅಫೆನ್ಸಿವ್ ಡಿಫೆನ್ಸ್‌ಮನ್ ಕಣ್ಣಿಗೆ ಚಂದ. ಬಾಬಿ ಆರ್ ಡಿಫೆನ್ಸ್‌ನಲ್ಲಿ ನಿಂತೇ 1970–71ರಲ್ಲಿ 37 ಗೋಲ್, 102 ಅಸಿಸ್ಟ್ ಮಾಡಿದರು. ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ (ಗೋಲ್, ಅಸಿಸ್ಟ್ ಎರಡೂ ಸೇರಿ) ಗಳಿಸಿದವರಿಗೆ ಕೊಡುವ ಆರ್ಟ್ ರಾಸ್ ಟ್ರೋಫಿ ಗೆದ್ದ ಒಬ್ಬನೇ ಡಿಫೆನ್ಸ್ ಆಟಗಾರ ಅವರು, ಅದೂ ಎರಡು ಸಲ. ಆದರೆ ಅವರು ಮುಂದೆ ಹೋದಷ್ಟೇ ವೇಗವಾಗಿ ಹಿಂದೆಯೂ ಬರುತ್ತಿದ್ದರು. ಹಿಂದೆ ಬರುವ ಮನಸ್ಸಿದ್ದರೆ ಮಾತ್ರ ಈ ಕ್ಲಾಸ್. ಇಬ್ಬರೂ ಡಿಫೆನ್ಸ್‌ನವರು ಇದನ್ನೇ ಆರಿಸಿದ್ದರೆ ನಿಮ್ಮಲ್ಲಿ ಒಬ್ಬರು ಬದಲಾಯಿಸಿಕೊಳ್ಳಿ.

ಗೋಲಿ ಆಗಬೇಕು ಅಂತಿದ್ದೀನಿ. ಮೂರು ಬಗೆ ಇದೆ, ಯಾವುದು?

ಹೈಬ್ರಿಡ್, ಬಟರ್‌ಫ್ಲೈ, ಸ್ಟ್ಯಾಂಡ್‌ಅಪ್. ಶುರುವಿಗೆ ಹೈಬ್ರಿಡ್.

ಬಟರ್‌ಫ್ಲೈ ಅಂದರೆ ಮೊಣಕಾಲೂರಿ ಎರಡೂ ಪ್ಯಾಡ್‌ಗಳನ್ನು ಚಿಟ್ಟೆಯ ರೆಕ್ಕೆಯ ಹಾಗೆ ಬಿಚ್ಚಿ ಕೆಳಭಾಗ ಪೂರ್ತಿ ಮುಚ್ಚುವುದು. ಗ್ಲೆನ್ ಹಾಲ್ ಇದನ್ನು ಬಹಳ ಮುಂಚೆಯೇ ಆಡಿದರು. ಹಾಲ್ ಸತತ 502 ಪಂದ್ಯ ಗೋಲ್‌ನಲ್ಲಿ ನಿಂತವರು, ಮುಖಕ್ಕೆ ಮಾಸ್ಕ್ ಇಲ್ಲದೆ. 1980ರ ದಶಕದಲ್ಲಿ ಪ್ಯಾಟ್ರಿಕ್ ರುವಾ ಬಂದ ಮೇಲೆ ಇದು ಎಲ್ಲೆಡೆ ಹರಡಿತು. ಸ್ಟ್ಯಾಂಡ್‌ಅಪ್ ಅದಕ್ಕೂ ಹಳೆಯ ಶೈಲಿ, ಸಾಧ್ಯವಾದಷ್ಟು ನಿಂತೇ ತಡೆಯುವುದು. ಹೈಬ್ರಿಡ್ ಎರಡನ್ನೂ ಬೆರೆಸಿದ್ದು, ಅದಕ್ಕೇ ಅದರಲ್ಲಿ ದೊಡ್ಡ ಕೊರತೆ ಕಾಣುವುದಿಲ್ಲ.

ಗೋಲಿಗೆ ಕ್ಲಾಸ್‌ಗಿಂತ ಸ್ವಭಾವ ಮುಖ್ಯ. ಪಕ್ ಇಲ್ಲದ ಸಮಯದ ಬಗ್ಗೆ ಮೊದಲೇ ಹೇಳಿದೆನಲ್ಲ, ಗೋಲಿಗೆ ಆಟದ ಬಹುಪಾಲು ಅದೇ. ಕೆಲವೊಮ್ಮೆ ನಿಮಿಷಗಟ್ಟಲೆ ಪಕ್ ನಿಮ್ಮ ಕಡೆ ಬರುವುದೇ ಇಲ್ಲ, ಆಮೇಲೆ ಮೂರು ಸೆಕೆಂಡ್‌ನಲ್ಲಿ ಎರಡು ಶಾಟ್. ಅಷ್ಟು ಹೊತ್ತು ಪಕ್ ಎಲ್ಲಿ ಹೋದರೂ ಅದರ ಜೊತೆ ಒಂದಿಷ್ಟು ಸರಿಯುತ್ತಾ, ಕೋನ ಸರಿಮಾಡಿಕೊಳ್ಳುತ್ತಾ ಇರಬೇಕು. ಹೊಸ ಗೋಲಿಗಳು ಮಾಡುವ ತಪ್ಪು ಜಾಸ್ತಿ ಅಲ್ಲಾಡುವುದು, ಬೇಗ ಕೆಳಗೆ ಕೂರುವುದು. ಮೊದಲ ಇಪ್ಪತ್ತು ಪಂದ್ಯ ಗೋಲ್‌ಗಳು ಬೀಳುತ್ತವೆ, ಜೊತೆಗಾರರು ಗೊಣಗುತ್ತಾರೆ. ಹಾಗಾಗಿ ಮೊದಲು ಅಭ್ಯಾಸದ ಮೋಡ್‌ನಲ್ಲಿ ಕೈ ಪಳಗಿಸಿಕೊಂಡು ಬನ್ನಿ.

ಎತ್ತರ, ತೂಕ ಎಷ್ಟು ಇಡಲಿ?

ಎತ್ತರ ಜಾಸ್ತಿ ಆದರೆ ಸ್ಟಿಕ್ ದೂರ ಮುಟ್ಟುತ್ತದೆ, ಮೈಬಲ ಬರುತ್ತದೆ, ತಿರುಗುವುದು ನಿಧಾನವಾಗುತ್ತದೆ. ತೂಕ ಇಳಿಸಿದರೆ ವೇಗ ಬರುತ್ತದೆ, ಗುದ್ದು ತಡೆಯುವ ಶಕ್ತಿ ಹೋಗುತ್ತದೆ. ಆರು ಅಡಿ ಒಂಬತ್ತು ಅಂಗುಲದ ಜ್‌ಡೇನೊ ಚಾರಾ ಡಿಫೆನ್ಸ್‌ನಲ್ಲಿ ಗೋಡೆಯ ಹಾಗೆ ಇದ್ದರು, 2012ರಲ್ಲಿ ಗಂಟೆಗೆ 108.8 ಮೈಲಿ ವೇಗದ ಶಾಟ್ ಹೊಡೆದು ಆಲ್-ಸ್ಟಾರ್ ಸ್ಪರ್ಧೆಯಲ್ಲಿ ದಾಖಲೆ ಮಾಡಿದರು. ಇನ್ನೊಂದು ತುದಿಯಲ್ಲಿ ಐದು ಅಡಿ ಎಂಟು ಅಂಗುಲದ ಮಾರ್ಟಿನ್ ಸೇಂಟ್ ಲೂಯಿ ಎರಡು ಸಲ ಆರ್ಟ್ ರಾಸ್ ಗೆದ್ದರು. ಎರಡೂ ನಡೆಯುತ್ತದೆ, ಕ್ಲಾಸ್‌ಗೆ ಹೊಂದಬೇಕು ಅಷ್ಟೇ.

ಡ್ಯಾಂಗ್ಲರ್‌ಗೆ ಆರೂವರೆ ಅಡಿ ಎತ್ತರ ಇಟ್ಟರೆ ಆ ಕ್ಲಾಸ್‌ನ ಚುರುಕನ್ನೇ ಕಳೆದ ಹಾಗೆ. ಡಿಫೆನ್ಸಿವ್ ಡಿಫೆನ್ಸ್‌ಮನ್‌ಗೆ ಸ್ವಲ್ಪ ಎತ್ತರ ಒಳ್ಳೆಯದು, ಆದರೆ ತುದಿಗೆ ಏರಿಸಬೇಡಿ, ವೇಗದ ವಿಂಗರ್ ಪಕ್ಕದಿಂದ ಹಾದುಹೋಗುವಾಗ ತಿರುಗಲು ಆಗಬೇಕು. ನಾನಂತೂ ಕ್ಲಾಸ್ ಕೊಟ್ಟ ಎತ್ತರ, ತೂಕದಿಂದ ಒಂದೆರಡು ಮೆಟ್ಟಿಲು ಮಾತ್ರ ಅತ್ತಿತ್ತ ಮಾಡುತ್ತೇನೆ.

ಎಕ್ಸ್-ಫ್ಯಾಕ್ಟರ್ ಆರಿಸುವುದು ಹೇಗೆ?

ನಿಮ್ಮ ಕ್ಲಾಸ್ ಈಗಾಗಲೇ ಚೆನ್ನಾಗಿ ಮಾಡುವ ಕೆಲಸಕ್ಕೆ ಬಲ ಸೇರಿಸಿ. ವನ್-ಟೈಮರ್‌ಗೆ ನಿಲ್ಲುವ ಸ್ನೈಪರ್‌ಗೆ ವನ್ ಟಿ, ಪ್ಲೇಮೇಕರ್‌ಗೆ ಟೇಪ್ ಟು ಟೇಪ್, ಫೇಸ್‌ಆಫ್ ತೆಗೆದುಕೊಳ್ಳುವ ಸೆಂಟರ್‌ಗೆ ಕ್ವಿಕ್ ಡ್ರಾ, ಸ್ಟಿಕ್‌ನಿಂದ ಪಕ್ ಕಸಿಯುವ ಡಿಫೆನ್ಸ್‌ಗೆ ಸ್ಟಿಕ್ ಎಮ್ ಅಪ್. ಕೊರತೆ ಮುಚ್ಚಲು ಹೋದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅನ್ನುವ ಹಾಗಾಗುತ್ತದೆ. ಇವುಗಳ ಬಲ, ನಿಯಮ ಎರಡೂ ಪ್ರತಿ ವರ್ಷದ ಗೇಮ್‌ನಲ್ಲಿ ಬದಲಾಗುತ್ತವೆ, ಅಪ್‌ಡೇಟ್ ಬಂದಾಗಲೂ ಬದಲಾಗುತ್ತವೆ. ಹಾಗಾಗಿ ಹಳೆಯ ವಿಡಿಯೋ ನೋಡಿ ಅದರಲ್ಲಿದ್ದ ಹಾಗೇ ಬಿಲ್ಡ್ (ಕ್ಲಾಸ್, ಎತ್ತರ, ತೂಕ, ಎಕ್ಸ್-ಫ್ಯಾಕ್ಟರ್ ಸೇರಿದ ಜೋಡಣೆ) ಮಾಡಬೇಡಿ, ಗೇಮ್‌ನಲ್ಲೇ ಬರೆದಿರುವ ವಿವರಣೆ ಓದಿ ಆರಿಸಿ.

ನಾವು ಐದಾರು ಗೆಳೆಯರು ಕ್ಲಬ್ ಮಾಡ್ತಿದ್ದೀವಿ. ಯಾರು ಏನಾಗಬೇಕು?

ಕ್ಲಾಸ್‌ಗಳ ಹೆಸರು ಬಿಟ್ಟು ಕೆಲಸಗಳ ಹೆಸರು ಬರೆದುಕೊಳ್ಳಿ. ಪಕ್ ವಾಪಸ್ ತರುವವರು ಯಾರು, ಪಾಸ್ ಕೊಡುವವರು ಯಾರು, ಹೊಡೆಯುವವರು ಯಾರು, ಡಿಫೆನ್ಸ್‌ನಲ್ಲಿ ಹಿಂದೆ ಉಳಿಯುವವರು ಯಾರು. ನಾಲ್ಕಕ್ಕೂ ಒಬ್ಬೊಬ್ಬರು ಸಿಕ್ಕರೆ ಕ್ಲಬ್ ನಿಲ್ಲುತ್ತದೆ. ನಾನು ಆಡಿದ ಕ್ಲಬ್‌ಗಳಲ್ಲಿ ಚೆನ್ನಾಗಿ ನಡೆದ ಜೋಡಣೆ ಹೀಗಿತ್ತು: ಸೆಂಟರ್‌ನಲ್ಲಿ ಟೂ-ವೇ, ಎಡ ವಿಂಗ್‌ನಲ್ಲಿ ಬಲಗೈ ಸ್ನೈಪರ್, ಬಲ ವಿಂಗ್‌ನಲ್ಲಿ ಬಲಗೈ ಪ್ಲೇಮೇಕರ್, ಹಿಂದೆ ಒಬ್ಬ ಪಕ್ ಮೂವಿಂಗ್, ಅವನ ಪಕ್ಕ ಒಬ್ಬ ಡಿಫೆನ್ಸಿವ್. ಬಲಗಡೆಯಿಂದ ಅಡ್ಡ ಪಾಸ್, ಎಡಗಡೆಯಿಂದ ಶಾಟ್. ಎದುರಾಳಿಗಳು ಇದನ್ನು ಕಂಡುಕೊಂಡ ದಿನ ಪ್ಲೇಮೇಕರ್ ಜಾಗಕ್ಕೆ ಪವರ್ ಫಾರ್ವರ್ಡ್ ತರುತ್ತಿದ್ದೆವು, ಅವನು ಗೋಲ್ ಮುಂದೆ ನಿಂತರೆ ಡಿಫೆನ್ಸ್ ಅಲ್ಲಿಗೆ ಸೇರುತ್ತಿತ್ತು, ಸ್ನೈಪರ್‌ಗೆ ಮತ್ತೆ ಜಾಗ ಸಿಗುತ್ತಿತ್ತು.

ಜಗಳ ಆಗುವುದು ಸಾಮಾನ್ಯವಾಗಿ ಇಬ್ಬರು ಸ್ನೈಪರ್ ಜಾಗಕ್ಕೆ. ಪಂದ್ಯ ಬಿಟ್ಟು ಪಂದ್ಯ ಬದಲಾಯಿಸಿಕೊಳ್ಳಿ. ಇನ್ನೊಂದು ಜಾಗದಲ್ಲಿ ಆಡಿದವನಿಗೆ ಆ ಜಾಗದ ಕಷ್ಟ ಗೊತ್ತಾಗುತ್ತದೆ, ಆಮೇಲೆ ಪಾಸ್‌ಗಾಗಿ ಕೂಗುವುದು ಕಮ್ಮಿಯಾಗುತ್ತದೆ.

ಮೂವರ ಆಟಕ್ಕೂ ಇದೇ ಕ್ಲಾಸ್ ಸಾಕಾ?

ಸಾಲದು. ಥ್ರೀಸ್‌ನಲ್ಲಿ ರಿಂಕ್ ಚಿಕ್ಕದು, ಜನ ಕಮ್ಮಿ, ಆಟ ನಿಲ್ಲುವುದೂ ಕಮ್ಮಿ. ಒಬ್ಬ ತಪ್ಪು ಜಾಗದಲ್ಲಿದ್ದರೆ ಮುಚ್ಚಲು ಬೇರೆ ಯಾರೂ ಇರುವುದಿಲ್ಲ. ಇಲ್ಲಿ ಒಂದೇ ಕೆಲಸ ಬಲ್ಲವರಿಗಿಂತ ಟೂ-ವೇ ಬಗೆಯವರು ಉಪಯೋಗಕ್ಕೆ ಬರುತ್ತಾರೆ. ವನ್ಸ್ ಅಂತ ಇನ್ನೊಂದಿದೆ, ಮೂವರು ಆಟಗಾರರು, ಒಂದೇ ಗೋಲ್, ಯಾರಿಗೂ ಯಾರೂ ಜೊತೆಗಾರರಿಲ್ಲ. ಪಾಸ್ ಕೊಡಲು ಯಾರೂ ಇಲ್ಲದ ಮೇಲೆ ಪ್ಲೇಮೇಕರ್‌ಗೆ ಅಲ್ಲಿ ಏನು ಕೆಲಸ? ಡ್ಯಾಂಗ್ಲರ್‌ಗೆ ಅದು ಹೇಳಿ ಮಾಡಿಸಿದ ಜಾಗ. ಬೆರಳು ಪಳಗಿಸಲೂ ಒಳ್ಳೆಯದು.

ಹತ್ತು ಪಂದ್ಯ ಆಯ್ತು, ಒಂದೂ ಗೋಲ್ ಇಲ್ಲ. ಕ್ಲಾಸ್ ಬದಲಾಯಿಸಲಾ?

ಗೋಲ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಬೇಡ. ಪಕ್ ಎಷ್ಟು ಸಲ ಕಸಿದಿರಿ, ಎಷ್ಟು ಸಲ ಕಳೆದುಕೊಂಡಿರಿ, ಎಷ್ಟು ಪಾಸ್ ತಲುಪಿದವು, ನೀವು ಮಂಜಿನ ಮೇಲೆ ಇದ್ದಾಗ ನಮ್ಮ ಕಡೆ ಎಷ್ಟು ಗೋಲ್ ಬಿದ್ದವು, ಇವನ್ನು ಪಂದ್ಯದ ಕೊನೆಯ ಅಂಕಿಗಳಲ್ಲಿ ನೋಡಿ. ಕಸಿಯುವುದು ಜಾಸ್ತಿ ಇದ್ದು ಶಾಟ್ ಕಮ್ಮಿ ಇದ್ದರೆ ನೀವು ಗ್ರೈಂಡರ್ ಅಥವಾ ಡಿಫೆನ್ಸ್ ಕಡೆಯವರು ಇರಬಹುದು, ನಿಮಗೇ ಗೊತ್ತಾಗಿಲ್ಲ ಅಷ್ಟೇ. ನನ್ನ ಜೊತೆ ಆಡುವ ಒಬ್ಬರು ವರ್ಷದ ಹತ್ತಿರ ಸ್ನೈಪರ್ ಆಡಿ ಬೇಸತ್ತಿದ್ದರು, ಒಂದು ದಿನ ಜನ ಇಲ್ಲ ಅಂತ ಡಿಫೆನ್ಸ್‌ಗೆ ನಿಂತರು, ಆಮೇಲೆ ಮುಂದಕ್ಕೆ ಬರಲೇ ಇಲ್ಲ.

ಕ್ಲಾಸ್ ಬದಲಾಯಿಸಿದರೆ ಏನಾದರೂ ಕಳೆದುಕೊಳ್ಳುತ್ತೀನಾ?

ಇಲ್ಲ. ಒಂದಕ್ಕಿಂತ ಹೆಚ್ಚು ಬಿಲ್ಡ್ ಉಳಿಸಿ ಇಟ್ಟುಕೊಳ್ಳಲು ಗೇಮ್ ಬಿಡುತ್ತದೆ. ವಿಂಗ್‌ಗೆ ಒಂದು, ಡಿಫೆನ್ಸ್‌ಗೆ ಒಂದು ಮೊದಲೇ ಮಾಡಿಟ್ಟಿರಿ. ಡ್ರಾಪ್-ಇನ್ ಶುರುವಾಗುವ ಮುಂಚೆ ಉಳಿದವರು ಯಾವ ಕ್ಲಾಸ್ ಆರಿಸಿದ್ದಾರೆ ಅಂತ ಕಾಣುತ್ತದೆ, ಅದನ್ನು ಒಂದು ಸಲ ನೋಡಿ ಆಮೇಲೆ ನಿಮ್ಮದನ್ನು ಒತ್ತಿ.